ಮುಕ್ಕಾಲು

ಅವನು ಹೊಡೆದದ್ದು ಮೂವತ್ತೊಂದು.
ಗೋಡೆಯಾಚೆ ಹಾರಿಸಿದ್ದೆಷ್ಟು ಎಂದು ಕೇಳಬೇಡಿ,
ನಮ್ಮ ಮೈದಾನಕ್ಕೆ ಗೋಡೆಯೇ ಇರಲಿಲ್ಲ.

ಇದ್ದದ್ದು ಒಂದು ಇಳಿಜಾರು,
ಅದರ ಕೊನೆಗೆ ಕಲ್ಲಿದ್ದಲ ಬೂದಿ ಸುರಿದ ದಿಬ್ಬ,
ದಿಬ್ಬದ ಮೇಲೆ ರೈಲುಹಳಿ, ಹಳಿಯ ಪಕ್ಕ
ಗೂಟಕ್ಕೆ ಕಟ್ಟಿದ ವಿಧವೆ ಹ್ರಿಂಕೋಳ ಮೇಕೆ.
ಚೆಂಡು ಅಲ್ಲಿವರೆಗೆ ಉರುಳಿದರೆ
ಹಿಡಿಯಲು ಓಡಿದವನು ಮೊದಲು ಮೇಕೆಗೆ ಹೆದರಬೇಕು.

ನಾನಾಗ ಹನ್ನೊಂದರ ಪೋರ.
ಅಪ್ಪ ಹುಲ್ಲು ಕೊಯ್ಯುವವನು, ಗೆರೆಗೆ ಸುಣ್ಣ ಹಾಕುವವನು.
ಏಣಿ ಹತ್ತಿ ತಗಡಿನ ಅಂಕಿ ತೂಗುಹಾಕುವುದು ನನ್ನ ಪಾಲು,
ದಿನಕ್ಕೆ ಐದು ಸೆಂಟು, ಮೇಲೆ ಮಿಕ್ಕ ಕಡಲೆಕಾಯಿ.

ಕಾಲು, ಅರೆ, ಮುಕ್ಕಾಲು, ಒಂದು.
ಬೇಸ್‌ಬಾಲ್ ಎಂದರೆ ಅಳತೆಯ ಆಟ.
ಮೊದಲ ಬೇಸು ಮುಟ್ಟಿದವನು ಕಾಲು,
ಎರಡನೆಯದು ಮುಟ್ಟಿದವನು ಅರೆ,
ಮೂರನೆಯದರಲ್ಲಿ ನಿಂತವನಿಗೆ
ಮನೆಯ ಬಾಗಿಲು ಕಾಣುತ್ತದೆ, ಒಳಗಿನ ದೀಪ ಕಾಣುತ್ತದೆ,
ಹೊಸ್ತಿಲು ದಾಟಿಸಲು ಮಾತ್ರ ಇನ್ನೊಬ್ಬ ಬೇಕು.
ನನ್ನ ತಗಡಿನ ಪೆಟ್ಟಿಗೆಯಲ್ಲಿ ಮುಕ್ಕಾಲಿಗೆ ಅಂಕಿ ಇರಲಿಲ್ಲ.
ಅವನು ಅಲ್ಲಿ ಧೂಳು ಕೊಡವಿಕೊಳ್ಳುವಾಗಲೆಲ್ಲ
ನಾನು ಏಣಿಯ ಮೇಲೆ ಬರಿಗೈಲಿ.

ಎಮ್ರಿಸ್ ಪ್ರೋಸರ್.
ವೇಲ್ಸಿನಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದವನ ಮಗ,
ಒಂಬತ್ತಕ್ಕೇ ಗಣಿಗಿಳಿದವನು.
ಬೆನ್ನು ಬಾಗಿಸಿ ಓಡುತ್ತಿದ್ದ,
ಆಕಾಶಕ್ಕೂ ಸೂರಿದೆ, ತಲೆ ತಾಗೀತು ಎಂಬಂತೆ.
ಮೊದಲ ಬೇಸನ್ನು ಮೆಟ್ಟುತ್ತಿರಲಿಲ್ಲ, ಒದೆಯುತ್ತಿದ್ದ.
ಎರಡನೆಯದರ ಹತ್ತಿರ ಟೋಪಿ ಹಾರುತ್ತಿತ್ತು.
ಆಮೇಲೆ ಆ ತಿರುವು,
ಅಯ್ಯೋ, ಆ ತಿರುವು!
ಕಲ್ಲಿದ್ದಲು ತುಂಬಿದ ತಳ್ಳುಗಾಡಿ
ಎರಡೇ ಗಾಲಿಯ ಮೇಲೆ ವಾಲಿ, ಬೀಳದೆ, ನೆಟ್ಟಗಾದ ಹಾಗೆ.
ಬೆಂಚಿನ ಮೇಲಿದ್ದ ಪಾದ್ರಿಯೂ ಎದ್ದು ನಿಲ್ಲುತ್ತಿದ್ದ.

ಲೀಗಿನ ದಾಖಲೆ ಮೂವತ್ತು,
ಯಾವನೋ ಲೆಮ್ಯುಯೆಲ್ ಹ್ಯಾಕೆಟ್ ಎಂಬವನ ಹೆಸರಲ್ಲಿ.
ಸೆಪ್ಟೆಂಬರಿನ ಕೊನೆಯ ಶನಿವಾರ
ನಮ್ಮವನದೂ ಮೂವತ್ತು.
ಒಂಬತ್ತನೆಯ ಸರದಿ, ಇಬ್ಬರು ಔಟು,
ನಾವು ನಾಲ್ಕು, ಅವರು ಐದು.

ಹೊಡೆದ.
ಚೆಂಡು ಇಳಿಜಾರು ಹಿಡಿಯಿತು, ಬೂದಿಯಲ್ಲಿ ಪುಟಿಯಿತು,
ಮೇಕೆಯ ಹಗ್ಗಕ್ಕೆ ಫೀಲ್ಡರನ ಕಾಲು ಸಿಕ್ಕಿಕೊಂಡು
ಮೇಕೆ, ಮನುಷ್ಯ, ಹಗ್ಗ ಒಂದೇ ಗಂಟು.
ಕೋಚು ಮೂರನೆಯ ಬೇಸಿನ ಬಳಿ
ತೋಳು ಗಿರಗಿರನೆ ತಿರುಗಿಸುತ್ತಿದ್ದ: ಹೋಗು, ಹೋಗು, ಮನೆಗೆ ಹೋಗು!
ನಾನು ಐದರ ತಗಡು ಕೈಗೆತ್ತಿಕೊಂಡಿದ್ದೆ.

ಎಮ್ರಿಸ್ ನಿಂತ.
ಮೂರನೆಯದರ ಮೇಲೆ, ಮಂಡಿಗೆ ಕೈಯೂರಿ.
ದಾರಿ ಬಯಲಾಗಿತ್ತು, ಒಂದು ಮಗು ನಡೆದು ದಾಟಬಹುದಿತ್ತು.

ಮುಂದಿನವನು ಚೆಂಡನ್ನು ನೇರ ಮೇಲಕ್ಕೆತ್ತಿದ, ಹಿಡಿದರು, ಮುಗಿಯಿತು.
ಐದನ್ನು ಪೆಟ್ಟಿಗೆಗೆ ಹಾಕಿದೆ.

ಸೋಮವಾರದ ಪತ್ರಿಕೆ ಬರೆಯಿತು:
ತನ್ನ ಲೆಕ್ಕ ಕೂಡಿಸಲು ಊರಿನ ಲೆಕ್ಕ ಕಳೆದ.
ಹೆಂಡದಂಗಡಿಯಲ್ಲಿ ಅವನೇ ಎಲ್ಲರಿಗೂ ಸುರಿಸಿ ಹೇಳಿದನಂತೆ,
ಹೌದು ಕಣ್ರೋ, ದಾಖಲೆಗೇ ನಿಂತೆ, ಏನೀಗ?
ಕೆಲವರು ಕುಡಿದರು. ಕೆಲವರು ಉಗಿದರು.

ನಾನು ಏಣಿಯ ಮೇಲಿದ್ದೆ.
ಭುಜ ಕುಲುಕಿದ್ದು ಕಂಡೆ, ಒಮ್ಮೆಯಲ್ಲ, ಏಳೆಂಟು ಸಲ,
ಬಾಯಿಂದ ಇಳಿದದ್ದು ಬಿಳಿ ಚೀಲದ ಮೇಲೆ ಬಿದ್ದು
ಅವನು ಅದನ್ನು ಬೂಟಿನಿಂದ ಉಜ್ಜಿದ್ದು ಕಂಡೆ.
ಎದೆಯೊಳಗೆ ಗಣಿ ಇರುವವನಿಗೆ ಯಾವ ಯಜಮಾನ
ಮುಂದಿನ ವರ್ಷದ ಕಾಗದಕ್ಕೆ ಸಹಿ ಹಾಕುತ್ತಾನೆ?
ಸ್ವಾರ್ಥಿ ಎನಿಸಿಕೊಳ್ಳುವುದು ಅಗ್ಗ.

ಆಮೇಲೆ ಬೂದಿದಿಬ್ಬದ ಮುಂದೆ ಹಲಗೆಯ ಬೇಲಿ ಬಂತು,
ಬೇಲಿಯ ಮೇಲೆ ಸಾಬೂನಿನ ಜಾಹೀರಾತು ಬಂತು.
ಅದೇ ಹೊಡೆತ ಈಗ ಆಚೆ ಬೀಳುತ್ತದೆ,
ಹೊಡೆದವನು ಕೈಬೀಸುತ್ತ ಸುತ್ತು ಹಾಕುತ್ತಾನೆ.
ಮೂವತ್ತೊಂದು ಹಾಗೇ ಉಳಿದಿದೆ.
ಅದನ್ನು ಮುರಿಯಬಲ್ಲ ನೆಲ ಈಗಿಲ್ಲ.

ಆ ಸಂಜೆ ಅಪ್ಪ ಚೀಲಗಳನ್ನು ಕಿತ್ತು ಮನೆಗೆ ತಂದ,
ಅಮ್ಮ ಒಗೆಯಲು ಕೂತಳು.
ಮೊದಲನೆಯದು, ಎರಡನೆಯದು ಬೆಳ್ಳಗಾದವು.
ಮೂರನೆಯದನ್ನು ಸೋಡಾ ಹಾಕಿ ತಿಕ್ಕಿದಳು, ಕುದಿಸಿದಳು,
ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.
ಯಾರದ್ದೆಂದು ಕೇಳಲಿಲ್ಲ.
ಒಳಮಗ್ಗುಲು ಹೊರಗೆ ಮಾಡಿ ಹೊಲಿದುಬಿಟ್ಟಳು.