ಎರಡು ಸುತ್ತು

ರಾಕಸಕೊಪ್ಪದ ಕಟ್ಟಿ ತುಂಬಿ ನೀರು ಹೊರಬಿದ್ದದ್ದು ಬುಧವಾರ.
ಗುರುವಾರ ಆಫೀಸಿನಿಂದ ಫೋನು:
'ಮಲ್ಹಾರೀ, ಎಂಟು ದಿನದ ಪಾಳಿ ಇನ್ನ ಬ್ಯಾಡ.
ದಿನ ಬಿಟ್ಟು ದಿನ ಬಿಡು.'
ಅಷ್ಟ. ಇಟ್ಟುಬಿಟ್ರು.

ನನ್ನ ಚಾವಿ ಮನೀ ಬಾಗಲದ್ದಲ್ಲ.
ಎದಿಮಟ ಬರ್ತೈತಿ, ಎರಡೂ ಕಡೆ ತೋಳು ಚಾಚಿ.
ರಸ್ತೇದ ನಡುವಿನ ಕಬ್ಬಣದ ಮುಚ್ಚಳ ಎತ್ತಿ
ಕತ್ತಲಿಗೆ ಇಳಿಬಿಟ್ಟು ತಿರುವಬೇಕು.
ಪೂರಾ ತಗದರ ಇಪ್ಪತ್ತೆರಡು ಸುತ್ತು.
ಏಪ್ರಿಲ್‌ನಾಗ ಹದಿನಾಲ್ಕು.
ಮೇದಾಗ ಒಂಬತ್ತು.
ಹದಿನೇಳು ವರ್ಷ ಆತು, ಈಗ ಬಾಯಿ ಎಣಸೂದಿಲ್ಲ,
ರಟ್ಟಿನ ಎಣಸ್ತಾವ.

ಬ್ಯಾಸಗ್ಯಾಗ ನಾನು ವಡಗಾವಿಗೆಲ್ಲಾ ಅಳಿಯ.
ಯಾವ ಓಣಿಗೆ ಹೋದ್ರೂ ಕುರ್ಚಿ, ಚಾ,
ಮಗ್ಗ ನಿಲ್ಲಿಸಿ ಹೊರಗ ಬಂದು ಕೇಳೋರು:
'ಇವತ್ತೋ, ನಾಳೆಯೋ?'
ರಾತ್ರಿ ಎರಡಕ್ಕೂ ಫೋನು.
ಯಾರದೋ ಲಗ್ನ, ಯಾರದೋ ದಿವಸ,
ಇನ್ಯಾರದೋ ಮನ್ಯಾಗ ಬೀಗರು ಬಂದು ಐದು ದಿನ ಆದ್ರೂ ಹೊಂಟಿಲ್ಲ.
ಚಾ ಕೊಟ್ಟವರ ಬೆನ್ನಿಗೆ ಅಂತಿದ್ರು:
'ಇವನ ಮನ್ಯಾಗ ಕಾರಂಜಿನ ಇದ್ದೀತು ತಗೋ.'
ನನ್ನ ಮನಿ ಏರಿನ ಮ್ಯಾಲ, ಪೈಪಿನ ತುದಿಗೆ.
ಅಲ್ಲಿ ಮೊದಲು ಬರೋದು ಗಾಳಿ,
ಆಮ್ಯಾಲ ತುಕ್ಕು,
ನೀರು ಬರೂದ್ರಾಗ ಟೈಮ್ ಮುಗದಿರ್ತೈತಿ.
ಹೇಳಲಿಲ್ಲ. ಹೇಳಿದ್ರ ಯಾರು ನಂಬಬೇಕು.

ಇವತ್ತು ನಸುಕಿನ್ಯಾಗ ಇಪ್ಪತ್ತೆರಡೂ ತಿರುವಿದೆ.
ನೆಲದೊಳಗ ಯಾವುದೋ ದನ ಎದ್ದು ಮೈ ಜಾಡಿಸಿಧಂಗ
ಚಾವಿ ಕೈಯಾಗ ನಡುಗಿತು.
ಓಣ್ಯಾಗ ಒಬ್ಬರೂ ಎದ್ದಿರಲಿಲ್ಲ.
ಕೊಡದ ಸಾಲಿಲ್ಲ, ಪಾಳಿಗಂತ ಇಟ್ಟ ಹೆಂಟಿಯಿಲ್ಲ, ಕಲ್ಲಿಲ್ಲ.
ಜಿಟಿಜಿಟಿ ಮಳಿ.
ನಾಯಿ ಒಂದು ಕಣ್ಣು ತಗದು ನೋಡಿ
ಇವನೇನ ಅಂತ ಮುಚ್ಚಿತು.
ಢವಳಿಯವರ ಅಂಗಳದ ನಳ ತಿರುವೂದ ಮರತಿದ್ರು,
ಸುರದ ನೀರು ಗಟಾರಕ್ಕ ಹೊಂಟಿತ್ತು,
ಮಳಿನೀರಿನ ಜೋಡಿ, ಯಾವುದು ಯಾವುದಂತ ಗುರುತು ಹತ್ತದಂಗ.
ಹತ್ತು ವಾರದ ಹಿಂದ ಇದ ನಳದ ಮುಂದ
ಅರ್ಧ ಕೊಡದ ಸಲುವಾಗಿ ನೆಗೆಣ್ಣಿಯರಿಬ್ಬರು ಮಾತು ಬಿಟ್ಟಿದ್ರು.
ಗೇಟು ಸಪ್ಪಳ ಮಾಡದಂಗ ತಗದು
ಕಳ್ಳನಂಗ ಒಳಗ ಹೋಗಿ
ನಾನ ಬಂದ್ ಮಾಡಿ ಬಂದೆ.

ಒಂದು ಮಾತೈತಿ. ವಹಿಯಾಗ ಬರದಿಲ್ಲ.

ಮೇ ತಿಂಗಳ ಇಪ್ಪತ್ತರ ಸುಮಾರು
ಮಾರುತಿ ಗುಡಿ ಹಿಂದಿನ ಓಣ್ಯಾಗ ಒಬ್ಬಾಕಿ ಬಾಣಂತಿ.
ಆಕಿ ಏನೂ ಕೇಳಲಿಲ್ಲ.
ತಂತಿ ಮ್ಯಾಲ ಕೂಸಿನ ಅರಿವಿ ಹಾಕಿದ್ಲು.
ಹತ್ರ ಹೋದಾಗ ತಿಳೀತು, ಒಗದಿರಲಿಲ್ಲ,
ಬರೇ ಬಿಸಲಿಗೆ ಹಾಕಿದ್ಲು.
ಆ ಕಡೆ ಎರಡು ಸುತ್ತು ಹೆಚ್ಚಿಗಿ ಕೊಟ್ಟೆ.
ಕೊಟ್ಟೆ ಅಂದ್ರ ಎಲ್ಲಿಂದ?
ಆಚಿ ಓಣಿಯಿಂದ ಕಳದೆ.
ಆಚಿ ಓಣ್ಯಾಗ ಕಂಡಿಕಿ ಸುತ್ತೋ ಅಂಬೂಬಾಯಿ
ತಂಬಿಗಿ ಹಿಡದು ಒಣ ನಳದ ಮುಂದ ಹೊತ್ತೇರೂಮಟ ಕೂತು,
ನನ್ನ ಕಂಡು ತಾನ ನಾಚಿ ಅಂದ್ಲು:
'ನಾನ ಎಣಿಕಿ ತಪ್ಪಿದೆ ತಮ್ಮಾ,
ಏಳಕ್ಕ ಎಂಟು ಅಂದಕೊಂಡೆ ಕಾಣತೈತಿ.'
ಹೂಂ ಅಂದೆ.
ಹೂಂ ಅಂದದ್ದು ನಾನ.

ಈಗ ಆಕಿ ಮನೀ ಮುಂದ ಬಕೀಟು ತುಂಬಿ ಚೆಲ್ಲತೈತಿ.
ಕರದು ಕೈಯಾಗ ಕುಂದಾ ಇಟ್ಲು, ಎಲಿ ಮ್ಯಾಲ, ಇನ್ನೂ ಬೆಚ್ಚಗ.
'ನಿನ್ನ ಪುಣ್ಯಾ' ಅಂದ್ಲು.
ಮಳೀ ಪುಣ್ಯಾ ಅಂದೆ. ನಕ್ಕಳು.
ಕುಂದಾ ಗಂಟಲದಾಗ ನಿಂತಿತು,
ಆಕಿನ ನೀರು ಕೊಟ್ಲು.

ಮಧ್ಯಾಹ್ನ ಫೋನು ಬಡೀಲಿಲ್ಲ.
ಚಾರ್ಜ್ ಹೋಗೇತೇನಂತ ಎರಡು ಸಲ ನೋಡಿದೆ.
ಮನ್ಯಾಗ ಹೆಂಡತಿ ನೀಲಿ ಡ್ರಮ್ಮು ಖಾಲಿ ಮಾಡಿಲ್ಲ,
'ಇರ್ಲಿ, ಯಾರಿಗೆ ಗೊತ್ತು' ಅಂತಾಳ,
ಮ್ಯಾಲ ತಾಟು ಮುಚ್ಚಿ, ತಾಟಿನ ಮ್ಯಾಲ ಕಲ್ಲು.

ನಾಡದು ಮತ್ತ ಪಾಳಿ.
ಅಂಬೂಬಾಯಿ ಓಣಿಗೆ ಆ ಎರಡು ಸುತ್ತು
ತಿರುಗಿ ಕೊಡೂಣಂದ್ರ
ವಾಲ್ವು ಇಪ್ಪತ್ತೆರಡಕ್ಕ ನಿಲ್ತೈತಿ.