ಲೀಟರಿನ ಲೆಕ್ಕ

ನಮ್ಮೂರಲ್ಲಿ ಸ್ಟ್ರಾಬೆರಿ ತೂಗುವುದಿಲ್ಲ,
ಅಳೆಯುತ್ತಾರೆ, ಹಾಲಿನಂತೆ, ಲೀಟರಿನಲ್ಲಿ.
ಜುಲೈ ಬಂದರೆ ಸುವೊನೆನ್‌ಯೋಕಿಯ ಸಂತೆಕಟ್ಟೆಗೆ
ರಾತ್ರಿ ಹತ್ತಕ್ಕೂ ಬಿಸಿಲು,
ಮಾರುವವರ ಉಗುರಿನ ಸಂದಿಯೆಲ್ಲ ಕೆಂಪು.

ಆರೋಗ್ಯ ಕೇಂದ್ರದ ಮೂರನೆಯ ಕೋಣೆಯಲ್ಲಿ
ಉರ್ಪೊ ಕೆಟ್ಟುನೆನ್‌ನ ತೋಳಿಗೆ ಪಟ್ಟಿ ಸುತ್ತಿದೆ.
ವಯಸ್ಸು ಎಪ್ಪತ್ತಾರು. ದಿಮ್ಮಿ ಲಾರಿ ಓಡಿಸಿದ ತೋಳು,
ಪಟ್ಟಿ ಸಾಲದೆ ದೊಡ್ಡದು ತಂದೆ.
ನೂರ ಅರವತ್ತೆರಡು. ಮತ್ತೊಮ್ಮೆ ನೋಡಿದೆ. ನೂರ ಅರವತ್ತು.
"ಎರಡು ಇಳಿಯಿತಲ್ಲ" ಎಂದ.

ಗುಳಿಗೆ ಬಿಡಬೇಡಿ, ಉಪ್ಪುಮೀನು ಬಿಡಿ,
ದಿನಕ್ಕೊಂದು ಬಟ್ಟಲು ಸ್ಟ್ರಾಬೆರಿ ತಿನ್ನಿ ಎಂದೆ.
ಕರಪತ್ರದಲ್ಲಿದ್ದುದನ್ನೇ ಮಗ್ಗಿಯ ಹಾಗೆ ಒಪ್ಪಿಸಿದೆ:
ಕಿತ್ತಳೆಗೆ ಸಡ್ಡು ಹೊಡೆಯುವಷ್ಟು ಸಿ ವಿಟಮಿನ್,
ಹೊಟ್ಟೆ ಹಗುರಾಗಿಸುವ ನಾರು,
ಒತ್ತಡಕ್ಕೆ ಒಳ್ಳೆಯದೆನ್ನುವ ಪೊಟ್ಯಾಸಿಯಂ,
ಸಿಹಿಯಿದ್ದೂ ಸಕ್ಕರೆ ಕಡಿಮೆ,
ಆ ಕೆಂಪೇ ರಕ್ತನಾಳಕ್ಕೆ ಹಿತವಂತೆ,
ಇನ್ನೂ ಪರೀಕ್ಷಿಸುತ್ತಿದ್ದಾರೆ.
"ಸಕ್ಕರೆ ಹಾಕದೆಯೋ?"
ಹಾಕದೆ.
"ಕೆನೆ?"
ಅದೂ ಬೇಡ.
"ಹಾಗಾದರೆ ಔಷಧಿಯೇ ಸರಿ."

ಗೋಡೆಯ ಚಿತ್ರ ನೋಡಿದ: ಸೀಳಿದ ಹಣ್ಣು, ಪಕ್ಕಕ್ಕೊಂದು ಹೃದಯ,
ಎರಡರದೂ ಒಂದೇ ಆಕಾರವೆಂಬಂತೆ.
ನಕ್ಕ. "ನಲವತ್ತು ವರ್ಷ ಎಲ್ಕ್ ಬೇಟೆಗೆ ಹೋದವನು ನಾನು, ಹುಡುಗೀ."
(ನನಗೆ ಐವತ್ತಮೂರು.)
"ಬಿಸಿ ಹೃದಯ ಕೈಯಲ್ಲಿ ಹಿಡಿದಿದ್ದೇನೆ,
ಒದ್ದೆ ಉಣ್ಣೆಯ ಕೈಗವಸಿನ ಹಾಗಿರುತ್ತದೆ, ಎಲ್ಲ ಒಳಗೊಳಗೇ.
ಈ ಹಣ್ಣಿಗೆ ಒಳಗಿಟ್ಟುಕೊಳ್ಳುವುದೇ ಗೊತ್ತಿಲ್ಲ,
ಬೀಜವನ್ನೂ ಮೈಮೇಲೆ ಹೊತ್ತು ನಿಲ್ಲುತ್ತದೆ.
ಐಲಿ ಹಾಗಿದ್ದಳು."

ಐಲಿ ಸೌನದ ಹಿಂದೆ ಹನ್ನೆರಡು ಸಾಲು ಹಾಕಿದ್ದಳು.
ನನಗೆ ಗೊತ್ತು. ಶಾಲೆಯ ರಜೆಯಲ್ಲಿ ಅಲ್ಲಿ ಹಣ್ಣು ಬಿಡಿಸಿದವಳು,
ಬುಟ್ಟಿಗೆರಡು, ಬಾಯಿಗೊಂದು.
ಸಂಜೆ ಲೆಕ್ಕ ಒಪ್ಪಿಸುವಾಗ ಕೇಳುತ್ತಿದ್ದಳು:
"ತಿಂದದ್ದೆಷ್ಟು? ಬಿಡಿಸಿದ್ದೇ ತಾನೇ, ಅದಕ್ಕೂ ಕೂಲಿಯಿದೆ."
ಈಗ ಹಬ್ಬುಬಳ್ಳಿ ಒಂದರ ಮೇಲೊಂದು ಹರಿದು
ಯಾವುದು ತಾಯಿ ಯಾವುದು ಮರಿ ತಿಳಿಯದು.
ಉಕ್ರೇನಿನ ಹುಡುಗರು ದೊಡ್ಡ ತೋಟಗಳಿಗೆ ಹೋಗುತ್ತಾರೆ,
ಇಲ್ಲಿಗೆ ಹಕ್ಕಿಗಳು.

ಆಗಸ್ಟಿನಲ್ಲಿ ಬಂದ, ಮಂಡಿಯ ಮೇಲೆ ಮಣ್ಣು. ನೂರ ಐವತ್ತನಾಲ್ಕು.
ಹಣ್ಣೋ, ಗುಳಿಗೆಯೋ, ಬಗ್ಗಿ ಕಳೆ ಕಿತ್ತದ್ದೋ,
ಯಾವುದರ ಪುಣ್ಯವೆಂದು ಯಂತ್ರ ಹೇಳುವುದಿಲ್ಲ.
ಅಕ್ಟೋಬರಿನಲ್ಲಿ ನೂರ ಐವತ್ತೆಂಟು. ಸುಗ್ಗಿ ಮುಗಿದಿತ್ತು.
ಅಂಗಡಿಯಲ್ಲಿ ಸ್ಪೇನಿನದು ಬಂದಾಗ ಕೊಳ್ಳಿ ಎಂದೆ.
"ಅದಕ್ಕಿಂತ ಸೌತೆಕಾಯಿಗೆ ಬಣ್ಣ ಹಚ್ಚಿ ತಿಂದೇನು."

ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡ. ಏಳಲಿಲ್ಲ.
"ಹೆಪ್ಪುಗಟ್ಟಿಸಿಟ್ಟಿದ್ದರಲ್ಲಿ ವಿಟಮಿನ್ ಇರುತ್ತದೆಯೇ?"
ಇರುತ್ತದೆ, ಬಹುಪಾಲು.
"ಆರು ವರ್ಷದ್ದು?"

ಕರಪತ್ರ ತಿರುಗಿಸಿದೆ. ಹಿಂಬದಿ ಖಾಲಿ.
ನೆಲಮಾಳಿಗೆಯ ಫ್ರೀಜರಿನಲ್ಲಿ ಹದಿನಾಲ್ಕು ಡಬ್ಬಿ,
ಲೀಟರಿನವು. ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ
ಅವಳದೇ ಓರೆ ಅಕ್ಷರ: ತಾರೀಖು, ಕೆಳಗೆ
"ಸಕ್ಕರೆ ಹಾಕಿಲ್ಲ."
ಹಿಮಗಾಳಿಗೆ ಕರೆಂಟು ಹೋದ ರಾತ್ರಿಗಳಲ್ಲಿ
ಪಕ್ಕದ ಮನೆಯ ಜನರೇಟರ್ ತಂದು ಕಾದಿದ್ದಾನೆ, ಎರಡು ಸಲ.

ಅರ್ಧದಷ್ಟು ಉಳಿದಿರಬಹುದು ಎಂದೆ.
ಅರ್ಧವೋ ಕಾಲೋ ನನಗೆ ಗೊತ್ತಿಲ್ಲ.
ಕರಗಿದರೆ ಆಕಾರ ನಿಲ್ಲದು, ರುಚಿ ನೀರಾಗಿರುತ್ತದೆ,
ಅದನ್ನೂ ಹೇಳಿದೆ.

"ದಿನಕ್ಕೊಂದು ಬಟ್ಟಲೆಂದರೆ ಲೀಟರಿಗೆ ನಾಲ್ಕು."
ಬೆರಳು ಮಡಿಚಿದ, ಲಾರಿಗೆ ದಿಮ್ಮಿ ಏರಿಸಿ ಎಣಿಸುವವನಂತೆ.
"ಐವತ್ತಾರು ದಿನ. ಈ ಭಾನುವಾರ ಶುರುಮಾಡಿದರೆ
ಕ್ರಿಸ್‌ಮಸ್ಸಿಗೆ ಮುಗಿದೇ ಹೋಗುತ್ತದಲ್ಲ."

ಚಿಕ್ಕ ಬಟ್ಟಲು ಎಂದೆ.
ಬೇಕಾದರೆ ದಿನ ಬಿಟ್ಟು ದಿನ.