ಬಲಹುರಿ, ಎಡಹುರಿ

ಶಿಡ್ಲಘಟ್ಟದಲ್ಲಿ ಕರೆಂಟು ಹೋದರೆ
ಮೊದಲು ಗೊತ್ತಾಗುವುದು ಕಿವಿಗೆ.
ನನ್ನ ಬಾಡಿಗೆ ಕೋಣೆಯ ಕೆಳಗೆ ಮುನ್ನೂರು ಕದಿರು
ಉಸಿರುಬಿಟ್ಟು ಒಂದೊಂದಾಗಿ ನಿಲ್ಲುತ್ತವೆ.
ಖಮರುನ್ನೀಸಾ ಮೆಟ್ಟಿಲು ಹತ್ತಿ ಬರುತ್ತಾಳೆ,
ಎಣ್ಣೆಗೈ ಒರೆಸುತ್ತ, ಪರದೆಗೆ ಬಗ್ಗಿ:
'ಏನಮ್ಮಾ, ಚಂದ್ರಂಕಿ ಬಿಡಿಸಿದ್ದೀಯ?'

ಹೌದಲ್ಲ, ಥೇಟ್ ಚಂದ್ರಂಕಿ,
ಹಣ್ಣಾದ ಹುಳ ಬಿಡುವ ಬಿದಿರಿನ ಸುರುಳಿ.
ನಾನದನ್ನು ಹುಡುಕುತ್ತಿರುವುದು ಮಾತ್ರ
ಒಂದು ಕಪ್ಪು ಹರಳಿನ ಎರಡು ಪದರದಲ್ಲಿ.
ಪದರವೆಂದರೆ, ಕೆಲವೇ ಪರಮಾಣುಗಳ ದಪ್ಪ.

ಹೇಗೆ ಹೇಳಲಿ.
ಅಯಸ್ಕಾಂತದ ಜಾತಿಯೇ,
ಒಂದು ಗುಂಡುಸೂಜಿಯನ್ನೂ ಎತ್ತುವುದಿಲ್ಲ.
ಒಳಗೆ ಮನೆಗೊಂದು ಮುಳ್ಳು:
ಇವರದು ಮೇಲಕ್ಕೆ, ಪಕ್ಕದವರದು ಕೆಳಕ್ಕೆ,
ಇಡೀ ಊರೇ ಹೀಗೆ.
ಹೊರಗೆ ನಿಂತು ಬಾಗಿಲು ತಟ್ಟುವ ದಿಕ್ಸೂಚಿಗೆ
ಯಾರೂ ಮನೆಯಲ್ಲಿಲ್ಲ.

'ಜಾರ್ಜೆಟ್ಟು ಹಂಗೇ ಅಲ್ಲವಾ?
ಎರಡೆಳೆ ಬಲಹುರಿ, ಎರಡೆಳೆ ಎಡಹುರಿ.
ಎಲ್ಲಾ ಒಂದೇ ಕಡೆ ತಿರುಚಿದರೆ
ಬಟ್ಟೆ ಮುದುರಿಕೊಂಡು ಮಲಗುತ್ತೆ.
ಇಷ್ಟು ಕಲಿಯೋಕೆ ಎಷ್ಟು ವರ್ಷ ಆಯ್ತು ನಿನಗೆ?'

ನಾಲ್ಕು, ಎಂದೆ. ಇನ್ನೂ ಮುಗಿದಿಲ್ಲ.

ಅವಳೇ ತಂದಳು ತೆಳುರೇಷ್ಮೆಯ ಎರಡು ತುಂಡು.
ಕಿಟಕಿಗೆ ಹಿಡಿದೆವು, ಒಂದರ ಮೇಲೊಂದು.
ಎಳೆಗೆ ಎಳೆ ಕೂತಾಗ ಏನೂ ಇಲ್ಲ, ಬರೀ ಬಿಸಿಲು.
ಮೇಲಿನದನ್ನು ಕೂದಲಷ್ಟು ತಿರುಗಿಸಿದಳು:
ಎರಡರಲ್ಲೂ ಇಲ್ಲದ ಅಲೆಗಳು,
ಅಂಗೈಯಗಲದ ನೆರಳುಗಳು ಎದ್ದವು.
ಇನ್ನಷ್ಟು ತಿರುಗಿಸಿದಳು, ಕಿರಿದಾದವು.
ಮತ್ತೆ ಹಿಂದಕ್ಕೆ.
'ಕಮ್ಮಿ ತಿರುಗಿಸಿದಷ್ಟೂ ದೊಡ್ಡದು,' ಅಂದಳು, ತನಗೇ.

ಅಲ್ಲೇ, ಆ ನೆರಳಿನಲ್ಲೇ, ಎಂದೆ,
ಮೇಲಿನ ಪದರಕ್ಕೂ ಕೆಳಗಿನದಕ್ಕೂ
ಇಲ್ಲಿ ಒಪ್ಪಿಗೆ, ನಾಲ್ಕು ಹೆಜ್ಜೆಗೆ ಜಗಳ.
ನಡುವೆ ಸಿಕ್ಕ ಮುಳ್ಳುಗಳು
ವಾಲುತ್ತ ವಾಲುತ್ತ ಒಂದು ಸುತ್ತು ಬಂದುಬಿಡುತ್ತವೆ.
ಆ ಸುತ್ತನ್ನು ಎಳೆಯಬಹುದು, ಹಿಗ್ಗಿಸಬಹುದು, ದಬ್ಬಬಹುದು.
ನಯವಾಗಿ ಬಿಚ್ಚಲು ಆಗದು.
ಇದ್ದರೆ ಇರಬೇಕು, ಇಲ್ಲ ಹರಿಯಬೇಕು.

'ಅಂದರೆ ಗಂಟು.'
ಹೂಂ, ಒಂದು ಬಗೆಯ ಗಂಟು.
'ನಮ್ಮಲ್ಲಿ ಗಂಟು ಜಾಸ್ತಿಯಾದರೆ ಮಾಲೀಕ ದುಡ್ಡು ಹಿಡೀತಾನೆ.
ನಿಮ್ಮಲ್ಲಿ ಗಂಟಿಗೇ ಸಂಬಳವಾ?'
ಐದು ತಿಂಗಳಿಂದ ಬಂದಿಲ್ಲ ಖಮರಕ್ಕಾ, ಎಂದೆ.
ಇಬ್ಬರೂ ಕೆಮ್ಮು ಬರುವ ತನಕ ನಕ್ಕೆವು.

ಕರೆಂಟು ಬಂತು.
ಸೆರಗು ಸಿಕ್ಕಿಸಿಕೊಂಡು ಇಳಿದು ಓಡಿದಳು.
ಕೆಳಗಿನ ಸದ್ದು ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಬೆನ್ನಿಗೆ.
ಸರಳಿಗೆ ಸಿಕ್ಕಿಸಿದ್ದ ರೇಷ್ಮೆ
ಫ್ಯಾನಿನ ಗಾಳಿಗೆ ಸರಿಯುತ್ತ
ನೆರಳನ್ನು ಹಿಗ್ಗಿಸುತ್ತ, ಕುಗ್ಗಿಸುತ್ತ ಇತ್ತು.

ಕೋನದ ಖಾನೆಯಲ್ಲಿ ವಾರದಿಂದ ಕೂತಿದ್ದ
ಮೂರು ಡಿಗ್ರಿಯನ್ನು ಅಳಿಸಿದೆ.
ಒಂದೂಕಾಲು, ಎಂದು ಬರೆದು
ಲೆಕ್ಕ ಓಡಲು ಬಿಟ್ಟೆ.